ವರ್ಷದ ಕೊನೆಯ ವಾರಕ್ಕೊಂದು ಬೀಸಣಿಗೆ ಪುಸ್ತಕ: ಒಂದರಿಂದ ಮೂರನೇ ತರಗತಿ ಮಕ್ಕಳ ಜೊತೆ ಆರು ದಿನದ ಬರವಣಿಗೆ, ಕೈಕೆಲಸ

ಮಾರ್ಚ್ ಕೊನೆಗೆ ಬಂದರೆ, ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಮ್ಮ ನಲಿ-ಕಲಿ ಕೋಣೆಯ ಚಪ್ಪರ ಜೋಲು ಬಿದ್ದಿರುತ್ತದೆ. ಜೂನ್‌ನಿಂದ ದಾರಕ್ಕೆ ನೇತುಹಾಕಿದ ಚಿತ್ರ, ಅಕ್ಷರದ ಚೀಟಿ, ಕಾಗದದ ಹಕ್ಕಿ ಎಲ್ಲಾ ಧೂಳು ಹಿಡಿದು ತಲೆಗೆ ತಾಗುತ್ತಿರುತ್ತವೆ. ಎಸ್‌ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆ, ಮುಗಿದಿರುತ್ತದೆ. ಅಂಕ ತುಂಬುವ ಕೆಲಸ ನಮ್ಮ ತಲೆ ಮೇಲೆ. ಮಕ್ಕಳಿಗೆ ಮಾತ್ರ ಕೆಲಸ ಇಲ್ಲ. ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಹೇಳಿ ರಜೆ ಕೊಡುವ ತನಕ ಇರುವ ಈ ಕೆಲವು ದಿನಗಳನ್ನು 'ಸುಮ್ನೆ ಕೂತು ಬಣ್ಣ ಹಚ್ರೋ' ಅಂತ ಕಳೆದವಳು ನಾನೂ ಹೌದು.

ಒಂದು ವರ್ಷ ಮಾತ್ರ ಹುಮ್ಮಸ್ಸು ಬಂದು, 'ಈ ವರ್ಷ ನಮ್ಮ ಶಾಲೆಯಲ್ಲಿ' ಅಂತ ಬೋರ್ಡ್ ಮೇಲೆ ತಲೆಬರಹ ಕೊಟ್ಟು ಬರೆಸಿದೆ. ಬಂದಿದ್ದು ಇಷ್ಟೇ: 'ನಮ್ಮ ಶಾಲೆ ಸುಂದರವಾಗಿದೆ. ನಮ್ಮ ಟೀಚರ್ ಒಳ್ಳೆಯವರು. ನಮಗೆ ಹಾಲು ಕೊಡುತ್ತಾರೆ.' ಎಲ್ಲರದ್ದೂ ಅದೇ ಮೂರು ಸಾಲು. ಒಬ್ಬ ಬರೆದಿದ್ದನ್ನು ಉಳಿದವರು ನೋಡಿ ಬರೆದಿದ್ದರು. ತಪ್ಪು ಅವರದ್ದಲ್ಲ. ಏಳು ವರ್ಷದ ಮಗುವಿಗೆ 'ಇಡೀ ವರ್ಷ' ಅಂದರೆ ಕೈಗೆ ಸಿಗದ ವಸ್ತು. 'ನಿನ್ನ ರಬ್ಬರ್ ಯಾರು ತಗೊಂಡಿದ್ದು?' ಅಂತ ಕೇಳಿ ನೋಡಿ, ಕಥೆ ಶುರುವಾಗುತ್ತದೆ.

ಬೀಸಣಿಗೆಯ ಹಾಗೆ ಮಡಿಸಿದ ಎಂಟು ಪುಟದ ಪುಸ್ತಕವನ್ನು ಪ್ರತಿ ಮಗುವೂ ಮಾಡುವ ಕೆಳಗಿನ ಇಡೀ ಕೆಲಸ ನಿಂತಿರುವುದು ಅಂಥ ಸಣ್ಣ ಪ್ರಶ್ನೆಗಳ ಮೇಲೆ. ದಿನಕ್ಕೆ ಸುಮಾರು ಒಂದೂವರೆ ಗಂಟೆ, ಒಟ್ಟು ಆರು ದಿನ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಿನಿಂದಲೂ ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ಅಕ್ಷರ ಇನ್ನೂ ಕೂಡಿಬರದ ಮಗು, ಪುಟ ತುಂಬಾ ಬರೆಯುವ ಮಗು ಇಬ್ಬರಿಗೂ ಒಗ್ಗುವ ಕೆಲಸವೇ ಬೇಕು. ಮನೆಯಲ್ಲಿ ಒಂದೇ ಮಗುವಿನ ಜೊತೆ ಮಾಡುವುದಾದರೆ ಮೂರು ದಿನ ಸಾಕು. ಸಿಬಿಎಸ್‌ಇ ಶಾಲೆಗಳಲ್ಲಿ ವರ್ಷ ಬೇಗ ಮುಗಿಯುತ್ತದೆ, ಅಲ್ಲಿನವರು ಅದಕ್ಕೆ ತಕ್ಕಂತೆ ಮುಂಚೆ ಶುರು ಮಾಡಿ.

ಏನೇನು ಬೇಕು

ಬಿಳಿ ಚಾರ್ಟ್ ಪೇಪರ್. ಅಂಗಡಿಯಲ್ಲಿ ಸಿಗುವ ಪೂರ್ತಿ ಹಾಳೆ ಸಾಮಾನ್ಯವಾಗಿ 28 ಇಂಚು ಉದ್ದ, 22 ಇಂಚು ಅಗಲ ಇರುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಪುಸ್ತಕ ಆಗುತ್ತದೆ. 24 ಮಕ್ಕಳಿದ್ದರೆ ಆರು ಹಾಳೆ ಲೆಕ್ಕ, ಆದರೆ ಎಂಟು ತನ್ನಿ. ಒಂದೆರಡು ಹರಿಯುತ್ತದೆ, ಒಂದರ ಮೇಲೆ ಯಾರಾದರೂ ನೀರು ಚೆಲ್ಲುತ್ತಾರೆ.

ಹಳೇ ಲಗ್ನಪತ್ರಿಕೆ. ಇದನ್ನು ಎರಡು ವಾರ ಮೊದಲೇ ಮಕ್ಕಳಿಗೆ ಹೇಳಿಡಿ. ಪುಸ್ತಕದ ರಟ್ಟಿಗೆ ಇದಕ್ಕಿಂತ ಚೆನ್ನಾದದ್ದು ಇಲ್ಲ: ಗಟ್ಟಿ ಇರುತ್ತದೆ, ಚಿನ್ನದ ಬಣ್ಣದ ಗಣಪತಿ ಇರುತ್ತಾನೆ, ದುಡ್ಡು ಕೊಡಬೇಕಿಲ್ಲ.

ಮೈದಾ ಅಂಟು. ಒಂದು ಲೋಟ ಮೈದಾಕ್ಕೆ ಮೊದಲು ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ಆಮೇಲೆ ಇನ್ನೂ ಎರಡು-ಮೂರು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಹಿಟ್ಟಿನ ಬಿಳಿ ಹೋಗಿ ಗಂಜಿಯಂತೆ ಆದರೆ ಇಳಿಸಿ. ಪುಸ್ತಕ ಬೈಂಡ್ ಮಾಡುವವರು ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ. ಬೆರಳು ಬಾಯಿಗೆ ಇಡುವ ಮಕ್ಕಳಿರುವ ಕಡೆ ಬೇಡವೇ ಬೇಡ. ಅವತ್ತಿಗೆ ಬೇಕಾದಷ್ಟು ಅವತ್ತೇ ಮಾಡಿಕೊಳ್ಳಿ, ಏಪ್ರಿಲ್ ಸೆಕೆಗೆ ಮಾರನೇ ದಿನ ಹುಳಿ ವಾಸನೆ ಬರುತ್ತದೆ.

ಇನ್ನು ಪೆನ್ಸಿಲ್, ಬಣ್ಣದ ಕ್ರೆಯಾನ್, ಉಲ್ಲನ್ ದಾರ, ಒಂದು ಸ್ಟೀಲ್ ಚಮಚ, ಮಕ್ಕಳಿಗೊಂದರಂತೆ ಪೋಸ್ಟ್ ಕಾರ್ಡ್. ಇಷ್ಟೇ. ಮಿನುಗು ಪುಡಿ, ಸ್ಟಿಕ್ಕರ್, ಫೋಮ್ ಶೀಟ್ ತರಬೇಡಿ. ಅವು ಬಂದರೆ ಮಕ್ಕಳು ಬರೆಯುವುದಿಲ್ಲ, ಅಂಟಿಸುತ್ತಾರೆ. ನನ್ನ ಅನುಭವದಲ್ಲಿ ಒಂದು ಸಲವೂ ಇದು ಸುಳ್ಳಾಗಿಲ್ಲ.

ಮೊದಲ ದಿನ: ಚಪ್ಪರ ಇಳಿಸುವುದು

ಚಪ್ಪರದ ಕಾಗದಗಳನ್ನು ನೀವೇ ಕಿತ್ತು ಮೂಟೆ ಕಟ್ಟಬೇಡಿ. ದಾರದ ಒಂದು ತುದಿ ಬಿಚ್ಚಿ ಮಕ್ಕಳ ಎತ್ತರಕ್ಕೆ ಇಳಿಸಿ, ಅವರವರ ಕಾಗದ ಅವರೇ ಹುಡುಕಿಕೊಳ್ಳಲಿ. ಅರ್ಧ ಗಂಟೆ ಗಲಾಟೆಯೋ ಗಲಾಟೆ. ಹೆಸರಿಲ್ಲದ ಚಿತ್ರಕ್ಕೆ ಮೂರು ಜನ ವಾರಸುದಾರರು. ಇರಲಿ ಬಿಡಿ.

ಗಲಾಟೆ ಇಳಿದ ಮೇಲೆ, ವರ್ಷದ ಮೊದಮೊದಲು ಬರೆದ ಒಂದು ಕಾಗದ ಮಾತ್ರ ಪ್ರತಿ ಮಗುವಿನ ಕೈಯಲ್ಲಿ ಉಳಿಸಿ. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ, ಹೆಸರನ್ನು ಇನ್ನೊಂದು ಸಲ ಬರೆಯಲು ಹೇಳಿ. ನನ್ನ ತರಗತಿಯ ಒಂದು ಹುಡುಗಿ ಜುಲೈನಲ್ಲಿ 'ಲಸಿಮಿ' ಅಂತ ಬರೆದಿದ್ದಳು. ಮಾರ್ಚ್‌ನಲ್ಲಿ ಅದರ ಕೆಳಗೇ 'ಲಕ್ಷ್ಮಿ' ಅಂತ ಬರೆದು, ಎರಡನ್ನೂ ನೋಡಿ, 'ಮಿಸ್, ಇದು ನಾನಲ್ಲ, ನನ್ನ ತಂಗಿ ಬರ್ದಿರ್ಬೇಕು' ಅಂದಳು. ಕ-ಷ-ಮ ಮೂರೂ ಒಟ್ಟಿಗೆ ಬರುವ ಹೆಸರು ಅದು, ಸುಲಭವಲ್ಲ. ಈ ಕಾಗದ ಮುಂದೆ ಪುಸ್ತಕದ ಕೊನೆಗೆ ಮಡಚಿ ಅಂಟಿಸಲು ಬೇಕು, ಎತ್ತಿಡಿ.

ಎರಡನೇ ದಿನ: ಬರೀ ಮಾತು

ಈ ದಿನ ಪೆನ್ಸಿಲ್ ಮುಟ್ಟುವಂತಿಲ್ಲ. ಎಲ್ಲರನ್ನೂ ಸುತ್ತ ಕೂರಿಸಿಕೊಳ್ಳಿ. ಶಾಲೆಯ ಆಚೆ ಹೊಂಗೆ ಮರ ಇದ್ದರೆ ಅದರ ಕೆಳಗೆ ಕೂರಿ, ಆ ಹೊತ್ತಿಗೆ ಹೊಸ ಎಲೆ ಬಂದು ನೆರಳು ತಂಪಾಗಿರುತ್ತದೆ. ಒಂದೊಂದೇ ಪ್ರಶ್ನೆ ಹಾಕಿ. ನಾನು ಕೇಳುವುದು ಹೀಗೆ:

ಈ ವರ್ಷ ಎಲ್ಲಿ ಬಿದ್ದೆ? ಗಾಯದ ಗುರುತು ತೋರಿಸು.
ಬಿಸಿಯೂಟದಲ್ಲಿ ಯಾವತ್ತಿನ ಊಟಕ್ಕೆ ಎರಡನೇ ಸಲ ಹಾಕಿಸಿಕೊಂಡೆ?
ಏನನ್ನು ಕಳೆದುಕೊಂಡೆ? ಸಿಕ್ಕಿತಾ?
ಯಾರ ಜೊತೆ ಟೂ ಬಿಟ್ಟಿದ್ದೆ? ಆಮೇಲೆ ಹೇಗೆ ರಾಜಿ ಆದ್ರಿ?
ಬರೆಯೋಕೆ ತುಂಬಾ ಕಷ್ಟ ಕೊಟ್ಟ ಅಕ್ಷರ ಯಾವುದು?
ಶಾಲೆಯಲ್ಲಿ ನಿನಗೆ ಮಾತ್ರ ಗೊತ್ತಿರುವ ಜಾಗ ಯಾವುದು?
ಒಂದು ದಿನ ತುಂಬಾ ನಗು ಬಂತಲ್ಲ, ಯಾಕೆ?
ಇನ್ನೊಂದು ಸಲ ಮಾಡಬೇಕು ಅನ್ನಿಸಿದ್ದು ಏನು?

ಎಂಟು ಪ್ರಶ್ನೆ ಇರುವುದಕ್ಕೆ ಕಾರಣ, ಪುಸ್ತಕಕ್ಕೆ ಎಂಟು ಪುಟ. 'ನಿನ್ನ ಇಷ್ಟದ ಪಾಠ ಯಾವುದು' ಅಂತ ಮಾತ್ರ ಕೇಳಬೇಡಿ. ಟೀಚರ್‌ಗೆ ಏನು ಹೇಳಿದರೆ ಖುಷಿ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು, ಅದನ್ನೇ ಹೇಳುತ್ತಾರೆ.

ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಮಾತಾಡುವ ಮಕ್ಕಳಿದ್ದರೆ ಅವತ್ತು ಆ ಭಾಷೆಯಲ್ಲೇ ಹೇಳಲಿ. ಗೊತ್ತಿರುವ ಇನ್ನೊಂದು ಮಗು ಕನ್ನಡಕ್ಕೆ ಹೇಳುತ್ತದೆ. ಗುಳೆ ಹೋಗಿ ಬಂದ ಮಗು ಇದ್ದರೆ, ಅದು ಇಲ್ಲದಿದ್ದ ತಿಂಗಳುಗಳನ್ನು ಬಿಟ್ಟು ಕೇಳಬೇಡಿ. 'ಅಲ್ಲಿ ಏನು ಆಡ್ತಿದ್ದೆ?' ಅಂತಲೇ ಕೇಳಿ. ಅದೂ ಆ ಮಗುವಿನ ವರ್ಷವೇ ಅಲ್ವಾ?

ಮೂರನೇ ದಿನ: ಪುಸ್ತಕ ಮಡಿಸುವುದು

ಕತ್ತರಿಸುವ ಕೆಲಸ ಹಿಂದಿನ ಸಂಜೆಯೇ ನೀವು ಮಾಡಿಟ್ಟುಕೊಳ್ಳಿ. ಅಂಗಡಿಯವರು ಹಾಳೆಯನ್ನು ಸುತ್ತಿ ಕೊಟ್ಟಿರುತ್ತಾರೆ. ಅದನ್ನು ತಿರುಗಾಮುರುಗಾ ಒಂದು ಸಲ ಸುತ್ತಿ ಬಿಡಿಸಿದರೆ ಸಪಾಟಾಗುತ್ತದೆ. ಆಮೇಲೆ 22 ಇಂಚಿನ ಅಗಲದಲ್ಲಿ ಐದೂವರೆ ಇಂಚಿಗೊಂದು ಗುರುತು ಹಾಕಿ, ನಾಲ್ಕು ಉದ್ದ ಪಟ್ಟಿ ಮಾಡಿ. ಪ್ರತಿ ಪಟ್ಟಿ 28 ಇಂಚು ಉದ್ದ, ಐದೂವರೆ ಇಂಚು ಎತ್ತರ.

ಮಕ್ಕಳು ಮಾಡುವುದು ಮೂರು ಮಡಿಕೆ. ಪಟ್ಟಿಯ ಉದ್ದ ಅರ್ಧ ಆಗುವಂತೆ ಮಡಿಸಬೇಕು. ಇನ್ನೊಂದು ಸಲ ಅರ್ಧ. ಮತ್ತೊಂದು ಸಲ ಅರ್ಧ. ಮೂರನೇ ಮಡಿಕೆ ದಪ್ಪ ಆಗುವುದರಿಂದ ಪುಟ್ಟ ಬೆರಳಿಗೆ ಬಗ್ಗುವುದಿಲ್ಲ, ಅಲ್ಲಿ ಚಮಚದ ಬೆನ್ನಿನಿಂದ ಉಜ್ಜಿಸಿ. ಈಗ ಪೂರ್ತಿ ಬಿಡಿಸಿದರೆ ಎಂಟು ಮನೆ ಕಾಣುತ್ತದೆ. 'ಒಂದು ಮುಂದೆ, ಒಂದು ಹಿಂದೆ' ಅಂತ ಹೇಳಿಕೊಳ್ಳುತ್ತಾ ಕಾಗದದ ಬೀಸಣಿಗೆ ಮಡಿಸಿದ ಹಾಗೆ ಮಡಿಸುತ್ತಾ ಹೋದರೆ ಪುಸ್ತಕ ಆಯಿತು. ಅರ್ಧದಷ್ಟು ಗೆರೆಗಳು ಉಲ್ಟಾ ಮಡಿಸಿಕೊಳ್ಳಬೇಕಾಗುತ್ತದೆ. ಮಕ್ಕಳು 'ಮಿಸ್, ಬಗ್ತಾ ಇಲ್ಲ' ಅನ್ನುವುದು ಅಲ್ಲೇ. ಗೆರೆಯನ್ನು ಆ ಕಡೆಯಿಂದ ಒಂದು ಸಲ ಚಮಚದಲ್ಲಿ ಉಜ್ಜಿದರೆ ಬಗ್ಗುತ್ತದೆ. ಮೊದಲ ವರ್ಷ ನಾನು ಇದನ್ನು ಬೋರ್ಡ್ ಹತ್ತಿರ ನಿಂತು ಎಲ್ಲರಿಗೂ ಒಟ್ಟಿಗೆ ತೋರಿಸಿ ಕೆಟ್ಟೆ, ಆರೇಳು ಪಟ್ಟಿ ಮುದ್ದೆಯಾದವು. ಈಗ ಮೂರನೇ ತರಗತಿಯ ನಾಲ್ಕು ಮಕ್ಕಳಿಗೆ ಮೊದಲು ಕಲಿಸಿ, ಅವರನ್ನೇ ಒಂದೊಂದು ತಟ್ಟೆಗೆ (ನಲಿ-ಕಲಿಯಲ್ಲಿ ಮಕ್ಕಳ ಗುಂಪಿಗೆ ಹೀಗನ್ನುತ್ತೇವೆ) ಕೂರಿಸುತ್ತೇನೆ.

ಒಂದು ಮನೆಯ ಅಳತೆ ಈಗ ಮೂರೂವರೆ ಇಂಚು ಅಗಲ, ಐದೂವರೆ ಇಂಚು ಎತ್ತರ. ಹೆಚ್ಚುಕಡಿಮೆ 9 ಸೆಂಟಿಮೀಟರ್, 14 ಸೆಂಟಿಮೀಟರ್. ಅಂದರೆ ಸರಿಯಾಗಿ ಒಂದು ಪೋಸ್ಟ್ ಕಾರ್ಡ್‌ನ ಅಳತೆ. ಕಾರ್ಡ್ ಇಟ್ಟು ನೋಡಿ, ಮಕ್ಕಳೂ ನೋಡಲಿ. ಆರನೇ ದಿನಕ್ಕೆ ಇದು ಉಪಯೋಗಕ್ಕೆ ಬರುತ್ತದೆ.

ನಾಲ್ಕನೇ, ಐದನೇ ದಿನ: ಬರೆಯುವುದು

ಮೊದಲು ಚಿತ್ರ, ಆಮೇಲೆ ಬರಹ. ಪ್ರತಿ ಮನೆಯ ಮೇಲಿನ ಅರ್ಧ ಚಿತ್ರಕ್ಕೆ, ಕೆಳಗಿನ ಅರ್ಧ ಅಕ್ಷರಕ್ಕೆ. ಚಿತ್ರ ಬರೆಯುತ್ತಾ ಮಗು ಒಳಗೊಳಗೇ ಮಾತಾಡಿಕೊಳ್ಳುತ್ತದೆ, ಆ ಮಾತೇ ಆಮೇಲೆ ಸಾಲಾಗುತ್ತದೆ. ನಾಲ್ಕನೇ ದಿನ ನಾಲ್ಕು ಮನೆ, ಐದನೇ ದಿನ ನಾಲ್ಕು. ಒಂದೇ ದಿನ ಎಂಟೂ ತುಂಬಿಸಲು ಹೋದರೆ ಕೊನೆಯ ಮೂರು ಮನೆಯಲ್ಲಿ ಸೂರ್ಯ, ಬೆಟ್ಟ, ತೆಂಗಿನಮರ ಬಂದು ಕೂರುತ್ತವೆ.

ಮೂರು ಮಟ್ಟಕ್ಕೆ ಮೂರು ದಾರಿ. ಒಂದನೇ ತರಗತಿಯ ಮಗು ಹೇಳಲಿ, ನೀವು ತೆಳ್ಳಗೆ ಬರೆಯಿರಿ, ಅದರ ಮೇಲೆ ಮಗು ತಿದ್ದಲಿ. ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯಿರಿ. 'ಹುಂಜ ಓಡ್ಸ್ಕೊಂಬಂತು' ಅಂತ ಹೇಳಿದರೆ 'ಹುಂಜವು ನನ್ನನ್ನು ಅಟ್ಟಿಸಿಕೊಂಡು ಬಂದಿತು' ಅಂತ ಬರೆದು ಮಾತು ಕೆಡಿಸಬೇಡಿ. ತನ್ನದೇ ಮಾತು ಅಕ್ಷರವಾಗಿ ಕಂಡರೆ ಮಗು ಅದನ್ನು ಓದಿಬಿಡುತ್ತದೆ. ಎರಡನೇ ತರಗತಿಯವರಿಗೆ ಮನೆಗೊಂದು ಸಾಲು. ಮೂರನೆಯವರಿಗೆ ಮೂರು ಸಾಲಾದರೂ ಇರಲಿ ಅನ್ನಿ, ಆದರೆ ಅದರಲ್ಲಿ ಒಂದು ಸಾಲು ಯಾರೋ ಆಡಿದ ಮಾತಾಗಿರಬೇಕು.

ಈ ಕೊನೆಯ ಷರತ್ತು ನನಗೆ ಅಕಸ್ಮಾತ್ ಸಿಕ್ಕಿದ್ದು. ಒಬ್ಬ ಹುಡುಗ 'ನಾನು ಬಿದ್ದೆ. ರಕ್ತ ಬಂತು.' ಅಂತ ಬರೆದು ಮುಗಿಸಿದ್ದ. 'ಆಗ ಯಾರು ಏನಂದ್ರು?' ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಬರೆದ: 'ಅಡಿಗೆ ಅಜ್ಜಿ ಅಳಬೇಡ ಮಗ ಅರಿಸಿನ ಹಾಕ್ತೀನಿ ಅಂತು.' ಒಂದು ಸಾಲಿನಿಂದ ಆ ಪುಟದಲ್ಲಿ ಇಬ್ಬರು ಮನುಷ್ಯರು ಬಂದು ನಿಂತರು.

ತಪ್ಪುಗಳ ವಿಷಯ. ಮಕ್ಕಳು ಒತ್ತಕ್ಷರ ನುಂಗುತ್ತಾರೆ: ಅಮ್ಮ 'ಅಮ' ಆಗುತ್ತಾಳೆ, ಹಣ್ಣು 'ಹಣು' ಆಗುತ್ತದೆ. ನಮ್ಮ ಕಡೆ ಹಾಲು 'ಆಲು' ಆಗುತ್ತದೆ, ಯಾಕೆಂದರೆ ಬಾಯಲ್ಲಿ ಇರುವುದು ಅದೇ. ಪುಸ್ತಕದ ಮೇಲೆ ಕೆಂಪು ಪೆನ್ ಇಡಬೇಡಿ. ಬರೆದದ್ದನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅರ್ಧ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ, ಅದೇ ರಬ್ಬರ್ ಹಿಡಿಯುತ್ತದೆ. ಉಳಿದಿದ್ದನ್ನು ಒಂದು ಚೀಟಿಯಲ್ಲಿ ಸರಿಯಾಗಿ ಬರೆದು ಪಕ್ಕಕ್ಕಿಡಿ, ಬೇಕಾದರೆ ನೋಡಿ ತಿದ್ದಲಿ. ತಿದ್ದದಿದ್ದರೂ ಪರವಾಗಿಲ್ಲ. ಇದು ಪರೀಕ್ಷೆಯಲ್ಲ, ಪರೀಕ್ಷೆ ಹೋದ ವಾರ ಮುಗಿಯಿತು.

'ನಂಗೆ ಏನೂ ನೆನಪಿಲ್ಲ ಮಿಸ್' ಅನ್ನುವ ಒಂದು ಮಗು ಪ್ರತಿ ವರ್ಷ ಇರುತ್ತದೆ. ಅದರ ಜೊತೆ ಶಾಲೆ ಸುತ್ತ ಒಂದು ಸುತ್ತು ನಡೆದು ಬನ್ನಿ. ನಲ್ಲಿ, ಗೇಟು, ಅಡುಗೆ ಕೋಣೆ, ಜಾರುಬಂಡೆ. ಎಲ್ಲೋ ಒಂದು ಕಡೆ ನಿಂತು 'ಇಲ್ಲಿ...' ಅನ್ನುತ್ತದೆ. ಸಾಕು.

ರಟ್ಟು ಕಟ್ಟುವುದು, ಹಿಂಬದಿ ತುಂಬುವುದು

ಐದನೇ ದಿನದ ಕೊನೆಗೆ ರಟ್ಟು. ಲಗ್ನಪತ್ರಿಕೆಯನ್ನು 4 ಇಂಚು ಅಗಲ, 6 ಇಂಚು ಎತ್ತರಕ್ಕೆ ಕತ್ತರಿಸಿ, ಮಗುವಿಗೆ ಎರಡರಂತೆ. ವಧೂವರರ ಹೆಸರು, ಫೋನ್ ನಂಬರ್ ಇರುವ ಭಾಗ ಒಳಗೆ ಮುಚ್ಚಿಹೋಗುವಂತೆ ನೋಡಿಕೊಳ್ಳಿ. ಒಂದನೇ ಮನೆಯ ಬೆನ್ನನ್ನು ಒಂದು ರಟ್ಟಿಗೆ, ಎಂಟನೇ ಮನೆಯ ಬೆನ್ನನ್ನು ಇನ್ನೊಂದಕ್ಕೆ ಅಂಟಿಸಿ. ಸುತ್ತಲೂ ಕಾಲು ಇಂಚು ಅಂಚು ಉಳಿಯುತ್ತದೆ. ಹಿಂದಿನ ರಟ್ಟು ಅಂಟಿಸುವ ಮೊದಲು ಅರ್ಧ ಮೀಟರ್ ಉಲ್ಲನ್ ದಾರವನ್ನು ಅಡ್ಡಕ್ಕೆ ಒಳಗಿಟ್ಟು ಅಂಟಿಸಿದರೆ ಪುಸ್ತಕವನ್ನು ಕಟ್ಟಿಡಬಹುದು. ಅಂಟು ತೆಳ್ಳಗಿರಲಿ. ಜಾಸ್ತಿ ಆದರೆ ಕಾಗದ ಉಬ್ಬುತ್ತದೆ. ಮಧ್ಯೆ ಹಳೇ ಪೇಪರ್ ಇಟ್ಟು, ಮೇಲೆ ಪಠ್ಯಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಡಿ. ಹಾಳೆ ಇಡಲು ಮರೆತರೆ ಬೆಳಗ್ಗೆ ನಾಲ್ಕು ಪುಸ್ತಕ ಸೇರಿ ಒಂದಾಗಿರುತ್ತವೆ. ಆಗಿದೆ.

ಒಣಗಿದ ಮೇಲೆ ಮೊದಲ ದಿನದ ಹೆಸರಿನ ಕಾಗದವನ್ನು ಮಡಚಿ, ಹಿಂಬದಿಯ ಕೊನೆಯ ಮನೆಗೆ ಒಂದು ಅಂಚಿನಲ್ಲಿ ಅಂಟಿಸಿ. ಹಿಂಬದಿಯಲ್ಲಿ ಇನ್ನು ಐದು ಮನೆ ಖಾಲಿ ಉಳಿಯುತ್ತವೆ. ಅವು ಗೆಳೆಯರಿಗೆ. ಪುಸ್ತಕ ಪಕ್ಕದವರ ಕೈಗೆ ಹೋಗಲಿ, ಒಬ್ಬರಿಗೆ ಒಂದು ಮನೆ. ಒಂದೇ ನಿಯಮ: 'ನೀನು ಒಳ್ಳೆಯವಳು' ಅಂತ ಬರೆಯುವಂತಿಲ್ಲ. 'ನೀನು ನನಗೆ ಏನು ಕೊಟ್ಟೆ' ಅಥವಾ 'ನಾವಿಬ್ಬರೂ ಏನು ಮಾಡಿದೆವು' ಅಂತ ಬರೆಯಬೇಕು. ಮೂರನೇ ತರಗತಿಯವರು ಈ ಕೋಣೆ ಬಿಟ್ಟು ನಾಲ್ಕಕ್ಕೆ ಹೋಗುವವರು, ಅವರ ಪುಸ್ತಕಕ್ಕೆ ಚಿಕ್ಕವರು ಬರೆಯುವಂತೆ ನೋಡಿ.

ಅರಿಶಿನದ ಗುಟ್ಟು ಪತ್ರ

ಇದು ಅಂಟು ಒಣಗುವ ಹೊತ್ತಿಗೆ ಮಾಡಿಸುವ ಆಟ. ಎರಡು ಚಮಚ ಅರಿಶಿನವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಹತ್ತಿಯಿಂದ ಬಿಳಿ ಹಾಳೆಗೆ ತೆಳ್ಳಗೆ ಬಳಿದು ಒಣಗಿಸಿ. ಬಟ್ಟೆ ಸೋಪನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿ, ಕಡ್ಡಿಗೆ ಹತ್ತಿ ಸುತ್ತಿ ಅದರಲ್ಲಿ ಅದ್ದಿ ಬರೆದರೆ ಅಕ್ಷರ ಕೆಂಪಗೆ ಏಳುತ್ತದೆ. ಯುಗಾದಿಯ ಓಕುಳಿ ನೀರಿಗೆ ಅರಿಶಿನ-ಸುಣ್ಣ ಹಾಕಿದಾಗ ಕೆಂಪಾಗುತ್ತದಲ್ಲ, ಅದೇ ಸಂಗತಿ: ಸೋಪು, ಸುಣ್ಣ ಎರಡೂ ಕ್ಷಾರ. ಸುಣ್ಣದಲ್ಲಿ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಅನಾಹುತ. ಮಕ್ಕಳಿಗೆ ಸೋಪೇ ಸರಿ. ನಿಂಬೆರಸ ಹನಿಸಿದರೆ ಮತ್ತೆ ಹಳದಿ.

ನಾನು ಒಮ್ಮೆ ಇದನ್ನೇ ಉಲ್ಟಾ ಮಾಡಿಸಿದೆ. ಬಿಳಿ ಹಾಳೆ ಮೇಲೆ ಸೋಪಿನ ನೀರಲ್ಲಿ ಬರೆದು ಒಣಗಿಸಿ, 'ಮನೇಲಿ ಅಮ್ಮನ ಕೈಲಿ ಅರಿಶಿನದ ನೀರು ಸವರಿಸು' ಅಂತ ಕಳಿಸಿದ್ದು. ಒಬ್ಬ ತಾಯಿ ಖಾಲಿ ಕಾಗದ ಅಂದುಕೊಂಡು ಒಲೆಗೆ ಹಾಕಿಬಿಟ್ಟರಂತೆ. ಹುಡುಗ ಮಾರನೇ ದಿನ ಮುಖ ಊದಿಸಿಕೊಂಡು ಬಂದ. ಅಂದಿನಿಂದ ಹಾಳೆಯ ಮೂಲೆಗೆ ಅರಿಶಿನದ ಒಂದು ಬೊಟ್ಟು ಇಡಿಸುತ್ತೇನೆ, ಗುರುತಿಗೆ. ಯೂನಿಫಾರ್ಮ್‌ಗೆ ತಾಗಿದರೆ ಕಲೆ ಹೋಗುವುದಿಲ್ಲ, ಬಣ್ಣದ ಬಟ್ಟೆಯ ದಿನ ಮಾಡಿಸಿ.

ಆರನೇ ದಿನ: ಕಾರ್ಡ್

ಎಲ್ಲರ ಹೆಸರನ್ನೂ ಚೀಟಿ ಮಾಡಿ ಡಬ್ಬಿಗೆ ಹಾಕಿ. ಯಾರ ಹೆಸರು ಬಂತೋ ಅವರಿಗೆ ಕಾರ್ಡ್ ಬರೆಯಬೇಕು. ಬೇಕಾದವರಿಗೆ ಬರೆಯಿರಿ ಅಂದರೆ ಒಬ್ಬಳಿಗೆ ಎಂಟು ಬರುತ್ತದೆ, ಮೂರು ಜನಕ್ಕೆ ಒಂದೂ ಬರುವುದಿಲ್ಲ. ಎಡಗಡೆಗೆ ಬರಹ, ಬಲಗಡೆಗೆ ವಿಳಾಸ. ಹಿಂಬದಿ ಪೂರ್ತಿ ಚಿತ್ರಕ್ಕೆ ಬಿಡಿ. ಬರೆಯುವುದು ಎರಡೇ ವಿಷಯ: ರಜೆಯಲ್ಲಿ ನಾನು ಏನು ಮಾಡುತ್ತೇನೆ, ನಿನ್ನನ್ನು ಏನು ಕೇಳಬೇಕು. ಪ್ರಶ್ನೆ ಇದ್ದರೆ ಶಾಲೆ ಶುರುವಾದಾಗ ಉತ್ತರ ಕೇಳಬಹುದು.

ವಿಳಾಸ ಬರೆಸುವುದೇ ಒಂದು ಪಾಠ. ಮೊದಲು ಮಕ್ಕಳನ್ನೇ ಕೇಳಿದೆ. 'ಬೇವಿನ ಮರದ ಪಕ್ಕ, ನೀಲಿ ಬಾಗ್ಲು' ಅಂತ ಬಂತು. ಪೋಸ್ಟ್‌ಮ್ಯಾನ್‌ಗೆ ಅಷ್ಟು ಸಾಕಾಗುತ್ತಿತ್ತೋ ಏನೋ, ಆದರೂ ದಾಖಲಾತಿ ಪುಸ್ತಕ ನೋಡಿ ತಂದೆಯ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಬೋರ್ಡ್ ಮೇಲೆ ಬರೆಯಿರಿ. ಪಿನ್‌ಕೋಡ್ ಆರು ಅಂಕಿ, ಒಂದು ಚೌಕಕ್ಕೆ ಒಂದು. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರ ಒಳಗಿನ ಸಂಖ್ಯೆಯಿಂದ ಶುರುವಾಗುತ್ತವೆ, ಬೇರೆ ಏನಾದರೂ ಕಂಡರೆ ಮಗು ಅಂಕಿ ಅದಲುಬದಲು ಮಾಡಿದೆ ಅಂತ ತಿಳಿಯಿರಿ. ವಿಳಾಸಕ್ಕೆ ಮಾತ್ರ ಬಾಲ್ ಪೆನ್ ಕೊಡಿ, ಪೆನ್ಸಿಲ್ ಅಳಿಸಿಹೋಗುತ್ತದೆ.

ಫಲಿತಾಂಶದ ದಿನ ಅಪ್ಪ-ಅಮ್ಮಂದಿರು ಬರುತ್ತಾರೆ. ಖಾಲಿಯಾದ ಚಪ್ಪರದ ದಾರವನ್ನು ಕಿಟಕಿಯಿಂದ ಕಿಟಕಿಗೆ ದೊಡ್ಡವರ ಎದೆಯೆತ್ತರಕ್ಕೆ ಕಟ್ಟಿ, ಪುಸ್ತಕಗಳನ್ನು ಬಟ್ಟೆ ಒಣಹಾಕಿದಂತೆ ಬಿಡಿಸಿ ಕ್ಲಿಪ್ ಹಾಕಿ. ಓದು ಬರದ ತಂದೆ-ತಾಯಿಯ ಮುಂದೆ ಮಗುವೇ ನಿಂತು ಎಂಟು ಮನೆಯನ್ನೂ ಓದಿ ಹೇಳಲಿ. ಅಂಕಪಟ್ಟಿಗೆ ಸಹಿ ಹಾಕಿಸುವ ಕೆಲಸ ಆಮೇಲೆ ಇಟ್ಟುಕೊಳ್ಳಿ, ಅದು ಮೊದಲಾದರೆ ಯಾರೂ ನಿಲ್ಲುವುದಿಲ್ಲ.

ಕಾರ್ಡ್‌ಗಳನ್ನು ಅವತ್ತೇ ಅಂಚೆ ಡಬ್ಬಿಗೆ ಹಾಕಬೇಡಿ. ಏಪ್ರಿಲ್‌ನಲ್ಲಿ ಎಲ್ಲರೂ ಅಜ್ಜಿ ಮನೆಯಲ್ಲಿರುತ್ತಾರೆ, ಕಾರ್ಡ್ ಬಂದು ಬೀಗದ ಬಾಗಿಲಿಗೆ ಸಿಕ್ಕಿಕೊಂಡಿರುತ್ತದೆ. ಮೇ ಮೂರನೇ ವಾರ ಸರಿಯಾದ ಹೊತ್ತು. ಒಂದು ವರ್ಷ ಅಷ್ಟೂ ಕಾರ್ಡ್ ನನ್ನ ಬ್ಯಾಗಿನ ಒಳಜೇಬಲ್ಲೇ ಮಲಗಿದ್ದವು, ಸಿಕ್ಕಿದ್ದು ಜೂನ್ ಎರಡನೇ ವಾರ. ಮಕ್ಕಳು ಆಗಲೇ ಹತ್ತು ದಿನದಿಂದ 'ಮಿಸ್, ಕಾರ್ಡ್ ಬಂದೇ ಇಲ್ಲ' ಅಂತ ಪೋಸ್ಟ್‌ಮ್ಯಾನ್‌ನ ಬೈಯುತ್ತಿದ್ದರು. ಈಗ ಮೇ 18ಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ.